ಕೆಂಪು ಕನ್ನಡಕದ ಎಕ್ಸ್‌ರೇ ಡಾಕ್ಟರು

ಎಪ್ಪತ್ತರ ದಶಕದಲ್ಲಿ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಒಬ್ಬರು ಎಕ್ಸ್‌ರೇ ಡಾಕ್ಟರಿದ್ದರು. ಕತ್ತಲಕೋಣೆಯ ಮಂದ ಬೆಳಕಿಗೆ ಕಣ್ಣು ಪಳಗಲೆಂದು ಹಗಲಲ್ಲೇ ಕೆಂಪು ಕನ್ನಡಕ ಹಾಕಿಕೊಂಡು ವಾರ್ಡಿನಲ್ಲಿ ದಾಪುಗಾಲಿಡುತ್ತಿದ್ದರು. ಯಾರು ಏನೇ ಕೇಳಿದರೂ ಅವರದು ಒಂದೇ ಮಾತು: "ಮೊದ್ಲು ನೋಡಾಣ, ಹೆದರೋದು ಆಮೇಲೆ."

ಆತಗೂರಿನಿಂದ ನಾನು ಅಪ್ಪನನ್ನು ಕರೆತಂದಾಗ ಅವನ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ಗಂಟಿತ್ತು. ಕ್ಯಾನ್ಸರೇ ಎಂದು ಊರವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಡಾಕ್ಟರು ಮಾತ್ರ, ಗಂಟನ್ನು ಪರದೆಯ ಮೇಲೆ ನೋಡುತ್ತಲೇ ಸೂಜಿ ಇಳಿಸಿ ಪರೀಕ್ಷೆಗೆ ಚೂರು ತೆಗೆಯುತ್ತೇನೆ ಎಂದರು. ಅಪ್ಪ ಮಗಳಾದ ನನ್ನ ಕೈ ಬಿಡಲೊಲ್ಲ. ಕೊನೆಗೆ ನನಗೂ ಕಿರಣ ತಡೆಯುವ ಸೀಸದ ಅಂಗಿ ತೊಡಿಸಿ ಒಳಗೆ ಬಿಟ್ಟರು.

ದೀಪ ಆರಿತು. ಹಸಿರು ಪರದೆಯ ಮೇಲೆ ಅಪ್ಪನ ಪಕ್ಕೆಲುಬುಗಳು ಮೂಡಿದವು, ಅವುಗಳ ನಡುವೆ ಉಸಿರಿನ ಜೊತೆ ಏರಿಳಿಯುವ ಗಂಟು. ಸೂಜಿಯ ಗೆರೆ ಅದರತ್ತ ಸರಿಯಿತು.

"ಉಸ್ರು ಹಿಡ್ಕೊ ಗೌಡ, ಅಲ್ಲಾಡ್‌ಬ್ಯಾಡ!"

ನಾನೂ ಉಸಿರು ಹಿಡಿದೆ. ಗೆರೆಯ ತುದಿ ಗಂಟಿನೊಳಗೆ ಹೊಕ್ಕಿತು.

"ಸಿಕ್ತು ಕಣಮ್ಮ!" ಎಂದು ಡಾಕ್ಟರು ಹುಡುಗನಂತೆ ಕೂಗಿದರು.

ಪರೀಕ್ಷೆಯ ಫಲ ಬಂದ ದಿನ ಅವರು ವಾರ್ಡಿಗೆ ಓಡಿಯೇ ಬಂದರು. "ಕ್ಯಾನ್ಸರಲ್ಲ! ಇದು ಕ್ಷಯ, ಔಷಧಿಗೆ ವಾಸಿಯಾಯ್ತದೆ!"

ಕ್ಷಯ ಎಂದೊಡನೆ ಪಕ್ಕದ ಮಂಚದವರು ಮೂಗಿಗೆ ಬಟ್ಟೆ ಹಿಡಿದರು. ನಾನು ಅಳುತ್ತಲೇ ನಗುತ್ತಿದ್ದೆ. ಅಪ್ಪ ಎದ್ದು ಕೂತ.

"ಅಂಗಾರೆ ಆಲೆಮನೆ ಸುರುವಾಗೋ ಒತ್ಗೆ ಊರ್ಗೆ ಓಯ್ತೀನಾ, ಸ್ವಾಮಿ?"

"ಹೋಗ್ತೀಯ ಕಣಪ್ಪ. ಬಿಸಿ ಬೆಲ್ಲ ತಿನ್ನಕ್ಕೆ ನಾನೂ ಬತ್ತೀನಿ!"

ಬಂದೇ ಬಂದರು. ಕೊಪ್ಪರಿಗೆಯ ಮುಂದೆ ನಿಂತು ಅವರಿಗೆ ಬೆಲ್ಲ ಎತ್ತಿಕೊಟ್ಟವನು ಅಪ್ಪನೇ.