ಕಪ್ಪು ಪಟ್ಟಿ ಜಾರಿದ ಪುಟಗಳು

ಚಾಮರಾಜಪೇಟೆಯ ಅಂಜನಪ್ಪನವರ ಡಿಟಿಪಿ ಅಂಗಡಿಯಲ್ಲಿ ಶಿವಕುಮಾರಿ ಒಂಬತ್ತು ವರ್ಷ ಕೆಲಸ ಮಾಡಿದಳು. ಅವಳು ಸಿದ್ಧಪಡಿಸಿದ ಪುಟದಲ್ಲಿ ತಪ್ಪು ಹುಡುಕುವುದು, ಕರಡು ತಿದ್ದುತ್ತಿದ್ದ ನನಗೂ ಸುಲಭವಾಗಿರಲಿಲ್ಲ. ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ.

೧೯೯೭ರಲ್ಲಿ ಮಹಿಳಾ ಸಂಘವೊಂದು, ಬಿನ್ನಿಪೇಟೆಯ ಗಾರ್ಮೆಂಟ್ಸ್ ಒಂದರ ಸೂಪರ್‌ವೈಸರನ ಕಿರುಕುಳದ ಕುರಿತ ವರದಿಯನ್ನು ನಮ್ಮಲ್ಲಿಗೆ ತಂದಿತು. ಹೇಳಿಕೆ ಕೊಟ್ಟ ಆರು ಹೆಂಗಸರ ಹೆಸರು ಎಲ್ಲಿಯೂ ಕಾಣಕೂಡದು. ಕಂಡರೆ ಅವರ ಕೆಲಸ ಹೋಗುತ್ತಿತ್ತು.

ಹುಡುಕಿ ಬದಲಿಸುವ ಆಜ್ಞೆ ಕೊಟ್ಟು ಶಿವಕುಮಾರಿ ಐದು ಹೆಸರುಗಳನ್ನು ತೆಗೆದಳು. ಆರನೆಯದಾದ ಮುತ್ಯಾಲಮ್ಮನ ಹೆಸರು ಇಲ್ಲವೇ ಇಲ್ಲ ಎಂದಿತು ಕಂಪ್ಯೂಟರ್. ಅವಳು ನಂಬಿದಳು. ಆಗಿನ ಕನ್ನಡ ಫಾಂಟುಗಳಲ್ಲಿ ಒತ್ತಕ್ಷರಗಳು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂತಿರುತ್ತಿದ್ದವು. ಈ ಹೆಸರಿನ ಒಂದು ಒತ್ತಕ್ಷರ ಕೂತಿದ್ದ ಚಿಹ್ನೆಯನ್ನು ಯಂತ್ರವು ಅಕ್ಷರವೆನ್ನದೆ ತನಗಿತ್ತ ಆಜ್ಞೆಯೆಂದೇ ಭಾವಿಸುತ್ತಿತ್ತು. ಹುಡುಕುವಾಗ ಆ ಚಿಹ್ನೆಯನ್ನು ಎರಡು ಸಲ ಟೈಪ್ ಮಾಡಿದ್ದರೆ ಸಾಕಿತ್ತು ಎಂಬುದು ನಮಗೆ ತಿಳಿದದ್ದು ವರ್ಷಗಳ ಮೇಲೆ.

ಪುಟ ಕಟ್ಟಿ, ಪರಿವಿಡಿ ಮಾಡಿದ ನಂತರ ಕರಡಿನಲ್ಲಿ ಆ ಹೆಸರು ಹದಿನೇಳು ಕಡೆ ನನ್ನ ಕಣ್ಣಿಗೆ ಬಿತ್ತು.

“ಕೈಯಲ್ಲೇ ಅಳಿಸ್ಲಾ ಸಾರ್?” ಎಂದಳು ಶಿವಕುಮಾರಿ.

“ಅಳಿಸಿದ್ರೆ ಸಾಲೆಲ್ಲಾ ಮೇಲೆ ಹತ್ತುತ್ತೆ, ಪುಟ ಕೆಡುತ್ತೆ. ಮೇಲೊಂದು ಕಪ್ಪು ಪಟ್ಟಿ ಎಳೆದ್ಬಿಡು. ದೃಷ್ಟಿಬೊಟ್ಟು ಅನ್ಕೊ,” ಎಂದರು ಅಂಜನಪ್ಪ.

ಎಳೆದಳು. ಕಾಗದದ ಮೇಲೆ ಹದಿನೇಳೂ ಮುಚ್ಚಿದ್ದವು; ನಾನೇ ಒಪ್ಪಿಗೆ ಕೊಟ್ಟೆ. ಫ್ಲಾಪಿ ಪ್ರೆಸ್ಸಿಗೆ ಹೋಯಿತು. ಅಲ್ಲಿನ ಫಾಂಟಿನ ಅಳತೆ ತುಸು ಬೇರೆ. ಸಾಲುಗಳು ಜರುಗಿದವು, ಪಟ್ಟಿಗಳು ಇದ್ದಲ್ಲೇ ಉಳಿದವು. ಯಾರೂ ನೋಡುವ ಮೊದಲೇ ಪುಸ್ತಕಗಳು ಹಂಚಿಹೋದವು.

ವಾರದೊಳಗೆ ಮುತ್ಯಾಲಮ್ಮ ಪುಸ್ತಕ ಹಿಡಿದು ಅಂಗಡಿಗೆ ಬಂದರು.

“ನಂಗೆ ಓದಕ್ಕೆ ಬರಲ್ಲಮ್ಮಾ. ಸೂಪರ್‌ವೈಸರ್ರೇ ಓದಿ ಹೇಳ್ದ. ‘ಬುಕ್ಕಲ್ಲಿ ಬಂದ್ಬಿಟ್ಟೆ, ಇನ್ನು ನಿಂಗೆ ಸನ್ಮಾನ ಮಾಡ್ಬೇಕು’ ಅಂತ ಎಲ್ರ ಮುಂದೆ ನಗ್ತಾನೆ.”

ಶಿವಕುಮಾರಿ ಪುಟ ತೆರೆದಳು. ಕಪ್ಪು ಪಟ್ಟಿ ‘ಮಧ್ಯಾಹ್ನ’ ಎಂಬ ಪದದ ಅರ್ಧದ ಮೇಲೆ ಕೂತಿತ್ತು.

“ಅಕ್ಕಾ, ನಾನು ಮುಚ್ಚಿದ್ದೆ. ನೋಡಿ, ಪಟ್ಟಿ ಇದೆ.”

“ಪಟ್ಟಿ ಐತೆ. ನನ್ ಹೆಸ್ರೂ ಐತಂತಲ್ಲಮ್ಮಾ.”

ಮರುದಿನ ಬೆಳಿಗ್ಗೆ ಶಿವಕುಮಾರಿ ಅವರೊಡನೆ ಕಾರ್ಖಾನೆಯ ಗೇಟಿಗೆ ಹೋದಳು. ಮ್ಯಾನೇಜರನಿಗೆ ಏನು ಹೇಳುವುದೆಂದು ತನಗೇ ತಿಳಿದಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು. ‘ತಪ್ಪು ನನ್ನದು’ ಎಂದರೆ ಹೇಳಿಕೆ ಕೊಟ್ಟದ್ದು ಮುತ್ಯಾಲಮ್ಮನವರೇ ಎಂದು ಒಪ್ಪಿದಂತಾಗುತ್ತಿತ್ತು. ಹೇಳುವ ಅವಕಾಶವೂ ಸಿಗಲಿಲ್ಲ. ವಾಚ್‌ಮನ್ ಮುತ್ಯಾಲಮ್ಮನವರ ಪಾಸು ಇಸಿದುಕೊಂಡ.

“ಬಿಡಬೇಡ ಅಂದವ್ರೆ ಕಣಕ್ಕಾ. ನನ್ ಕೈಲೇನೈತೆ?”

“ಒಳಗೆ ನನ್ ಕತ್ರಿ ಐತೆ. ಅದನ್ನಾದ್ರೂ ತಂದ್ಕೊಡಪ್ಪಾ.”

ಅವನು ಹೋಗಿ ಬರಿಗೈಯಲ್ಲಿ ಬಂದ. ಮಿಷನ್ನುಗಳ ಸದ್ದು ಆಗಲೇ ಶುರುವಾಗಿತ್ತು. ಮುತ್ಯಾಲಮ್ಮ ಹನ್ನೊಂದರವರೆಗೂ ಅಲ್ಲೇ ನಿಂತರು. ಹೊರಡೋಣವೆಂದು ಹೇಳಲಾರದೆ ಶಿವಕುಮಾರಿಯೂ ನಿಂತಳು.