ಗಿರಿಗಿಟ್ಲೆ ಅಕ್ಕನ ಕುರ್ಚಿ

ನನ್ನ ತಂಗಿ ಕಿವಿ ಡಾಕ್ಟರ ಬಾಗಿಲಲ್ಲಿ ಕೂತು ಚೀಟಿ ಬರೆಯಲು ಶುರುಮಾಡಿ ಇಪ್ಪತ್ತೇಳು ವರ್ಷವಾಯಿತು. ವೈದ್ಯಕೀಯ ಓದಿದವಳಲ್ಲ, ಕೇಳಿ ಕೇಳಿ ಕಲಿತವಳು. ಹಾಗೆ ಕಲಿತದ್ದು ಉಗುರಿನಂತೆ ಮೈಗೇ ಅಂಟಿರುತ್ತದೆ, ನನಗೆ ಚೆನ್ನಾಗಿ ಗೊತ್ತು. ಬರುವವರಲ್ಲಿ ತಲೆಸುತ್ತಿನವರೇ ಹೆಚ್ಚು, ಹಾಗಾಗಿ ಜನ ಅವಳನ್ನು ಗಿರಿಗಿಟ್ಲೆ ಅಕ್ಕ ಎನ್ನುತ್ತಾರೆ.

ಒಮ್ಮೆ ಸುಣ್ಣ ಬಳಿಯುವವನೊಬ್ಬ ಬಂದ.

"ತಲೆಸುತ್ತು ಕಣಕ್ಕಾ."

"ಆ ಮಾತು ಇಲ್ಲಿ ನಡೆಯಲ್ಲ. ಅದನ್ನು ಬಿಟ್ಟು ಹೇಳು."

"ಅಂದ್ರೆ... ಗೋಡೆ ಓಡುತ್ತೆ."

"ಯಾವಾಗ? ಎದ್ದಾಗಲೋ, ಮಗ್ಗುಲಾದಾಗಲೋ?"

"ಮಗ್ಗುಲಾದ್ರೆ ಮಂಚಾನೇ ಮಗುಚಿ ಹಾಕುತ್ತೆ! ಗಂಟೆಗಟ್ಲೆ!"

"ಗಂಟೆಗಟ್ಲೆಯೋ, ಚಪ್ಪಲಿ ಹಾಕ್ಕೊಳ್ಳೋಷ್ಟು ಹೊತ್ತೋ?"

"ಚಪ್ಪಲಿಯಷ್ಟೇ ಅಕ್ಕಾ. ಅನುಭವಿಸೋನಿಗೆ ಗಂಟೆ."

ತಂಗಿ ಚೀಟಿಯ ಮೂಲೆಯಲ್ಲಿ 'ಕಿವಿ' ಎಂದು ಗೀಚಿದಳು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ 'ರಕ್ತದೊತ್ತಡ' ಎಂದು ಬರೆಯುತ್ತಾಳೆ. ಮಾತು ತೊದಲಿದರೆ, ಕೈ ಸೋತರೆ ಚೀಟಿಯೇ ಇಲ್ಲ, ಸೀದಾ ದೊಡ್ಡಾಸ್ಪತ್ರೆ.

ಎರಡು ತಿಂಗಳ ಹಿಂದೆ ಕಿವಿ ಡಾಕ್ಟರ ಹತ್ತಿರ ಒಬ್ಬ ನರ್ಸಮ್ಮ ಸೇರಿದಳು. ಓದಿದವಳು, ಚುರುಕು. ತಂಗಿ ಅತ್ತ ಎದ್ದರೆ ಸಾಕು, ಇತ್ತ ಕುರ್ಚಿಯಲ್ಲಿ ಅವಳು. ತನ್ನ ಜಾಗ ಕೈತಪ್ಪೀತೆಂದು ತಂಗಿಗೆ ನಿದ್ದೆ ಕೆಟ್ಟಿತು.

ಮೊನ್ನೆ ನಾನು ಕಿವಿ ತೊಳೆಸಿಕೊಳ್ಳಲು ಹೋಗಿದ್ದೆ. ತಂಗಿ ಯಾರದೋ ಚೀಟಿ ಕೊಡಲು ಎದ್ದವಳು ಗೋಡೆಗೆ ಆತುಕೊಂಡಳು. ನರ್ಸಮ್ಮ ಅದನ್ನು ಕಂಡಳು, ತಂಗಿ ಬೇಡ ಬೇಡ ಎಂದರೂ ಕೇಳದೆ ಒಳಗೆ ಡಾಕ್ಟರ ಬಳಿ ಎಳೆದೊಯ್ದಳು. ನಾನೂ ಹಿಂದೆಯೇ ಹೋದೆ.

ಕಾಯಿಲೆ ಎಂದು ಗೊತ್ತಾದರೆ ಮನೆಗೆ ಕಳಿಸಿಬಿಡುತ್ತಾರೆ. ಅದಕ್ಕೇ ನಮ್ಮ ಜಾಣೆ ಅಗ್ಗದ ಕಾಯಿಲೆಯೊಂದನ್ನು ಆರಿಸಿಕೊಂಡಳು. "ಬಲ ಮಗ್ಗುಲಿಗೆ ತಿರುಗಿದ್ರೆ ಗೋಡೆ ಓಡುತ್ತೆ, ಅರ್ಧ ನಿಮಿಷ. ವಾಂತಿ ಇಲ್ಲ, ಕಿವಿ ಚೆನ್ನಾಗಿ ಕೇಳುತ್ತೆ," ಎಂದು ಮಗ್ಗಿಯಂತೆ ಒಪ್ಪಿಸಿದಳು. ಇದಕ್ಕೆ ಮಾತ್ರೆಯೂ ಇಲ್ಲ, ರಜೆಯೂ ಇಲ್ಲ. ತಲೆಯನ್ನು ಎರಡು ಸಲ ಹದವಾಗಿ ಹೊರಳಿಸಿದರೆ ಮುಗಿಯಿತು.

ಡಾಕ್ಟರು ಕನ್ನಡಕ ಮೇಲೇರಿಸಿದರು. "ಅಕ್ಕಾ, ಇಷ್ಟು ವರ್ಷದಲ್ಲಿ ಒಬ್ಬ ರೋಗಿಯಾದ್ರೂ ಹೀಗೆ ಸಾಲಾಗಿ ಹೇಳಿದ್ದಾನಾ?"

ಅವಳನ್ನು ಮಲಗಿಸಿ, ತಲೆಯನ್ನು ಮಂಚದಂಚಿನಿಂದ ಬಲಕ್ಕೆ ಇಳಿಬಿಟ್ಟು ಕಣ್ಣು ನೋಡಿದರು. ಕಿವಿಯ ಕಾಯಿಲೆಯಾದರೆ ಕಣ್ಣುಗುಡ್ಡೆ ದಡಕ್ಕೆ ಬಿದ್ದ ಮೀನಿನಂತೆ ಮಿಡುಕಬೇಕು. ಇವಳದು ಬೊಂಬೆಯ ಕಣ್ಣು. ಬಾಯಿಗೆ ಬಂದ ಸುಳ್ಳು ಕಣ್ಣಿಗೆ ಬರಲಿಲ್ಲ. ಎಬ್ಬಿಸಿ ನಿಲ್ಲಿಸಿ ರಕ್ತದೊತ್ತಡ ನೋಡಿದರೆ ದಡಕ್ಕನೆ ಇಳಿದಿತ್ತು.

"ಬೆಳಗ್ಗೆಯಿಂದ ನೀರೆಷ್ಟು ಕುಡಿದ್ರಿ?"

ತಂಗಿ ಗೋಡೆ ಗಡಿಯಾರ ನೋಡತೊಡಗಿದಳು.

"ಬಾಯಿ ಬಿಡೇ," ಎಂದೆ.

"ಕುಡಿದ್ರೆ ಎದ್ದು ಹೋಗ್ಬೇಕಲ್ಲ ಅಣ್ಣಾ! ಎದ್ದು ಹೋದ್ರೆ ಇವಳು ಕೂತ್ಕೋತಾಳೆ!"

ನರ್ಸಮ್ಮ ಕಣ್ಣರಳಿಸಿದಳು. "ಅಯ್ಯೋ, ನಿಂತೂ ನಿಂತೂ ನನ್ನ ಕಾಲು ಊದ್ಕೊಂಡಿದೆ ಅಕ್ಕಾ! ಇಲ್ಲಿ ಇನ್ನೊಂದು ಕುರ್ಚಿ ಎಲ್ಲಿದೆ, ತೋರಿಸಿ?"

ಡಾಕ್ಟರು ಎರಡೇ ಸಾಲಿನ ಔಷಧಿ ಬರೆದರು: ದಿನಕ್ಕೆ ಎಂಟು ಲೋಟ ನೀರು; ಬಾಗಿಲಿಗೆ ಇನ್ನೊಂದು ಕುರ್ಚಿ.

ಕುರ್ಚಿ ಮಾರನೆಯ ದಿನವೇ ಬಂತು. ತಂಗಿ ಈಗ ಲೆಕ್ಕವಿಟ್ಟು ನೀರು ಕುಡಿಯುತ್ತಾಳೆ, ನಾಲ್ಕು ಸಲ ಎದ್ದೂ ಹೋಗುತ್ತಾಳೆ. ಚೀಟಿ ಪುಸ್ತಕ ಮಾತ್ರ ಕಂಕುಳಲ್ಲೇ ಇರುತ್ತದೆ.