ಸೇರಿಸಿಕೊಳ್ಳುವ ಸಲಹೆಗಾರರು
ಸರ್ಕಾರದ ಕಣ್ಣು ಪರದೇಶದ ನೆಲದ ಮೇಲೆ ಬಿದ್ದಾಗಲೆಲ್ಲ ಕಾನೂನು ಸಲಹೆಗಾರರಿಗೆ ಕರೆ ಬರುತ್ತದೆ. ಸಂವಿಧಾನವನ್ನು ಅರೆದು ಕುಡಿದಿರುವ ಅವರದು ಒಂದೇ ಮಂತ್ರ: "ಬೇಡ ಅಂತ ಎಲ್ಲಿ ಬರೆದಿದೆ, ತೋರಿಸಿ!" ಯಾರಾದರೂ ಕಬಳಿಕೆ ಎಂದರೆ ಹರಿಹಾಯುತ್ತಾರೆ: "ಕಬಳಿಸೋದಲ್ಲ ರೀ, ಸೇರಿಸಿಕೊಳ್ಳೋದು." ಕಚೇರಿಯಲ್ಲಿ ಪಕ್ಕದ ಟೈಪಿಸ್ಟಮ್ಮನ ಅರ್ಧ ಮೇಜನ್ನೂ ಅವರ ದಪ್ಪ ಪುಸ್ತಕಗಳು ಹೀಗೇ ಸೇರಿಸಿಕೊಂಡಿದ್ದವು, ಆಕೆಯ ಕಾಗದಗಳೆಲ್ಲ ಮಡಿಲಲ್ಲಿ. ಮೊನ್ನೆ ಒಂದು ದ್ವೀಪವನ್ನು ಧಾರಾಳವಾಗಿ ಸೇರಿಸಿಕೊಳ್ಳಬಹುದೆಂಬ ತಮ್ಮ ಅಭಿಪ್ರಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಬಟ್ಟೆ ಮಡಿಸುತ್ತಿದ್ದ ತಾಯಿ ಕೇಳಿದರು: "ಅಲ್ಲಿರೋರನ್ನ ಕೇಳಿದ್ರೇನೋ? ನಮ್ಮೂರನ್ನ ಸೇರಿಸಿಕೊಂಡಾಗ ನಮ್ಮನ್ನ ಯಾರೂ ಕೇಳ್ಲಿಲ್ಲ ಕಣೋ." ಸಲಹೆಗಾರರು ಓದುವುದನ್ನು ಅರ್ಧಕ್ಕೇ ಬಿಟ್ಟು ಹಾಳೆಗಳನ್ನು ಚೀಲಕ್ಕೆ ತುರುಕಿದರು. ಮರುದಿನ ಅಭಿಪ್ರಾಯ ಒಂದಕ್ಷರವೂ ಬದಲಾಗದೆ ಸರ್ಕಾರಕ್ಕೆ ಹೋಯಿತು. ಟೈಪಿಸ್ಟಮ್ಮನಿಗೆ ಮಾತ್ರ ಅರ್ಧ ಮೇಜು ವಾಪಸು ಸಿಕ್ಕಿತು.